ಮೀನು ಕಚ್ಚಿಕೊಂಡು ಓಡುತ್ತಿದ್ದ ಬೆಕ್ಕು

ಇದು ಮೂರು ವರ್ಷದ ಹಿಂದಿನ ಮಾತು. ಆಗ ನಾನು ಗಂಗೊಳ್ಳಿ ಧಕ್ಕೆಯಿಂದ ಮೀನು ತಂದು ತೆಕ್ಕಟ್ಟೆ, ಬ್ರಹ್ಮಾವರದ ಕಡೆಯ ಮನೆಗಳಿಗೆ ಮಾರುತ್ತಿದ್ದೆ. ಧಕ್ಕೆ ಎಂದರೆ ಬೋಟುಗಳು ಮೀನು ಇಳಿಸುವ ಕಟ್ಟೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈ ಕೆಲಸವನ್ನು ನಲವತ್ತು ವರ್ಷ ಮಾಡಿದೆ. ಅದರ ಜೊತೆಗೆ ಯಾರೂ ಹೇಳದೆ ಸೇರಿಕೊಂಡದ್ದು ಬೆಕ್ಕು ಸಾಗಿಸುವ ಕೆಲಸ. ಧಕ್ಕೆಯಲ್ಲಿ ಬೆಕ್ಕು ಹೆಚ್ಚು, ನನ್ನ ಗಿರಾಕಿಗಳ ಮನೆಯಲ್ಲಿ ಇಲಿ ಹೆಚ್ಚು. ಒಂದು ಬುಟ್ಟಿಯಲ್ಲಿ ಮೀನು, ಇನ್ನೊಂದರಲ್ಲಿ ಬೆಕ್ಕು. ದಾರಿ ತಪ್ಪಿದ್ದಾದರೆ ಮನೆಮನೆ ಕೇಳಿ ಅದರ ಮನೆಗೆ ಮುಟ್ಟಿಸುವುದು, ಯಾರದ್ದೂ ಅಲ್ಲದಿದ್ದರೆ ಬೇಕಾದವರಿಗೆ ಕೊಡುವುದು. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾನು ಕೊಟ್ಟ ಬೆಕ್ಕುಗಳು ಈಗಲೂ ಇವೆ.

ಪ್ರೀತಿಯಿಂದ ಮಾಡಿದೆ ಎಂದು ಜನ ಹೇಳುತ್ತಾರೆ. ಅಂಥದ್ದೇನಿಲ್ಲ. ಲಾರಿ ಹಿಂದಕ್ಕೆ ಬರುವಾಗ ಚಕ್ರದಡಿ ಸಿಕ್ಕಿದ ಮರಿಗಳನ್ನು ಎತ್ತಿ ಹಾಕಿ ಸಾಕಾಗಿತ್ತು, ಅಷ್ಟೆ.

ನನ್ನವೇ ಕೆಲವು ಕಟ್ಟುನಿಟ್ಟುಗಳಿದ್ದವು. ಹೈವೇ ಬದಿಯ ಮನೆಗೆ ಬೆಕ್ಕು ಕೊಡುವುದಿಲ್ಲ. ನಾಯಿ ಬಿಟ್ಟಿರುವ ಮನೆಗೆ ಕೊಡುವುದಿಲ್ಲ. ಕೊಟ್ಟ ಮೇಲೆ ಮೂರು ದಿನ ಕೋಣೆಯಲ್ಲಿ ಕೂಡಿಹಾಕಬೇಕು, ಎಷ್ಟು ಕೂಗಿದರೂ ಬಾಗಿಲು ತೆಗೆಯಬಾರದು. ಮೊದಲ ದಿನವೇ ಬಿಟ್ಟರೆ ಬೆಕ್ಕು ಹಳೆಯ ಜಾಗ ಹುಡುಕಿಕೊಂಡು ಹೊರಟು ರಸ್ತೆಯಲ್ಲಿ ಸಾಯುತ್ತದೆ. ಇಷ್ಟೆಲ್ಲ ಗೊತ್ತಿದ್ದ ನಾನೇ ಆ ವರ್ಷ ತಪ್ಪಿದೆ.

ಜುಲೈ ತಿಂಗಳ ಕೊನೆ. ಮಳೆಗಾಲದಲ್ಲಿ ಎರಡು ತಿಂಗಳು ದೊಡ್ಡ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ನಾಡದೋಣಿಯವರ ಮೀನಿನಲ್ಲೇ ನಮ್ಮ ವ್ಯಾಪಾರ. ಬೋಟುಗಳೆಲ್ಲ ಒಂದಕ್ಕೊಂದು ಹಗ್ಗ ಕಟ್ಟಿಸಿಕೊಂಡು, ಟಾರ್ಪಾಲು ಹೊದ್ದು ಹೊಳೆಯಲ್ಲಿ ನಿಂತಿದ್ದವು. ಆಗಸ್ಟ್ ಒಂದಕ್ಕೆ ಹೊರಡುವ ತಯಾರಿ ನಡೆದಿತ್ತು. ಧಕ್ಕೆಯಲ್ಲೇ ಕೂತು ಮೀನು ಮಾರುವ ಜಲಜ ಆ ವಾರವೆಲ್ಲ ಒಂದೇ ರಾಗ ಹಾಡುತ್ತಿದ್ದಳು.

"ಸೀತಕ್ಕ, ಈ ಕಳ್ ಬೆಕ್ಕನ್ನ ಒಂದ್ ಎಲ್ಲಿಗಾರೂ ತಕಂಡ್ ಹೋಗಿ. ತಲೆ, ಕರ್ಳ್ ಹಾಕ್ರೆ ಮೂಸುದಿಲ್ಲ. ಬುಟ್ಟಿಗೇ ಬಾಯಿ ಹಾಕತ್ತ್. ಅದೂ ಇಡೀ ಬಂಗುಡೆಯೇ ಆಯ್ಕ್ ಅದಕ್ಕೆ!"

ಪಟ್ಟೆ ಪಟ್ಟೆಯ ಹೆಣ್ಣು ಬೆಕ್ಕು, ಬಾಲದ ತುದಿ ಮುರಿದದ್ದು. ಉಳಿದ ಬೆಕ್ಕುಗಳು ಸಿಕ್ಕಿದ್ದನ್ನು ನಮ್ಮ ಕಾಲಡಿಯಲ್ಲೇ ತಿಂದು ಮುಗಿಸುತ್ತಿದ್ದವು. ಇದು ಹಾಗಲ್ಲ, ಮೀನು ಕಚ್ಚಿಕೊಂಡು ಓಡುತ್ತಿತ್ತು. ಕದ್ದ ಮಾಲನ್ನು ನಿಂತು ತಿನ್ನುವವರು ಯಾರು ಎಂದು ನಾವೆಲ್ಲ ನಕ್ಕೆವು. ಎಲ್ಲಿಗೆ ಓಡುತ್ತದೆ ಎಂದು ಒಬ್ಬಳೂ ತಿರುಗಿ ನೋಡಲಿಲ್ಲ.

ಬ್ರಹ್ಮಾವರದಲ್ಲಿ ಹಪ್ಪಳ ಮಾಡಿ ಮಾರುವ ವಿಮಲ ಎಂಬವಳು ನನ್ನ ಗಿರಾಕಿ. ಇಲಿ ಹಪ್ಪಳದ ಡಬ್ಬವನ್ನೂ ತೂತು ಮಾಡುತ್ತದೆ, ಗಟ್ಟಿ ಬೆಕ್ಕೊಂದು ಬೇಕು ಎಂದಿದ್ದಳು. ನಾಯಿ ಇಲ್ಲ, ಹೈವೇ ದೂರ. ಜುಲೈ ಮೂವತ್ತೊಂದರ ಬೆಳಿಗ್ಗೆ ಮಳೆಯಲ್ಲಿ ಆ ಬೆಕ್ಕಿಗೆ ಗೋಣಿ ಹಾಕಿ ಹಿಡಿದು ಬುಟ್ಟಿಗೆ ತುಂಬಿದೆ. ನೆಂದು ಮುದ್ದೆಯಾಗಿತ್ತು, ಪರಚುತ್ತಿತ್ತು. ಹೊಟ್ಟೆ ತಿರುಗಿಸಿ ನೋಡಲಿಲ್ಲ. ವಿಮಲನ ಹಪ್ಪಳದ ಕೋಣೆಯಲ್ಲಿ ಬಿಟ್ಟು, ಮೂರು ದಿನ ಬಾಗಿಲು ತೆಗೆಯಬೇಡ ಎಂದು ಹೇಳಿ ಬಂದೆ.

ಮರುದಿನ ಹತ್ತು ಗಂಟೆ ಹೊತ್ತಿಗೆ ತೆಕ್ಕಟ್ಟೆಯ ಒಂದು ಮನೆಯ ಜಗಲಿಯಲ್ಲಿ ಮೀನು ಕೊಯ್ಯುತ್ತಿದ್ದಾಗ ವಿಮಲನ ಫೋನು ಬಂತು.

"ಸೀತಕ್ಕ, ನಿಮ್ ಬೆಕ್ಕಿಗೆ ಮಂಡೆ ಸಮ ಇತ್ತಾ? ನಿನ್ನೆಯಿಂದ ಕೂಗುದೇ ಕೂಗುದ್. ಮೀನ್ ಹಾಕ್ರೆ ತಿಂಬುದಿಲ್ಲ. ಕಚ್ಕಂಡ್ ಹೋಯಿ ಬಾಗ್ಲ್ ಬುಡದಲ್ ಇಡತ್ತ್, ಮತ್ತೆ ಬಾಗ್ಲ್ ಕೆರಿತ್ತ್. ಈಗ ಅಲ್ಲ್ ಮೂರ್ ಮೀನ್ ಸಾಲಾಗಿ ಇತ್ತ್."

ಕತ್ತಿ ಕೈಯಲ್ಲೇ ನಿಂತಿತು. "ಹೆಣೆ ವಿಮಲ, ಅದರ್ ಹೊಟ್ಟೆ ಕಾಣ್."

ಬೆಕ್ಕನ್ನು ಹಿಡಿದೆತ್ತಿದ ಸದ್ದು ಕೇಳಿತು. ಆಮೇಲೆ ವಿಮಲನ ದನಿ ಸಣ್ಣಗಾಯಿತು. "ಹೊಟ್ಟೆ ಎಲ್ಲ ಒದ್ದೆ ಸೀತಕ್ಕ. ಅದ್ ಮಲ್ಗಿದ್ ಜಾಗದಲ್ಲೂ ಹಾಲ್."

ಮರಿಗಳಿದ್ದವು. ಹಾಲು ಕುಡಿಯುತ್ತ ಆಗಷ್ಟೇ ಮೀನು ಕಚ್ಚಲು ಕಲಿಯುವ ಪ್ರಾಯದವು. ನಿನ್ನೆ ಬೆಳಿಗ್ಗೆಯಿಂದ ತಾಯಿಯಿಲ್ಲ. ಎಲ್ಲಿವೆ ಎಂದು ಯಾರಿಗೂ ಗೊತ್ತಿಲ್ಲ. ಗಂಗೊಳ್ಳಿಯಲ್ಲಿ ಆ ದಿನಗಳಲ್ಲಿ ಮಳೆ ತಾಗದ ಒಣ ಜಾಗ ಎಂದರೆ ಟಾರ್ಪಾಲು ಹೊದ್ದ ಬೋಟುಗಳ ಒಳಗೆ ಮಾತ್ರ. ಆ ಬೋಟುಗಳು ಅವತ್ತು ಮಧ್ಯಾಹ್ನದ ಮೇಲೆ ಹೊರಡುವವು. ಹೊರಟರೆ ಎಂಟು ಹತ್ತು ದಿನ ತಿರುಗಿ ಬರುವುದಿಲ್ಲ.

ಜಲಜನಿಗೆ ಫೋನು ಮಾಡಿ, ಬೋಟುಗಳಲ್ಲಿ ಮರಿ ಹುಡುಕಲು ಹೇಳಿದೆ.

"ಎಷ್ಟ್ ಬೋಟ್ ಹತ್ತಿ ಇಳೂದ್ ಸೀತಕ್ಕ? ಕರದ್ರೆ ಮರಿ ಓ ಅಂತ್ವಾ?" ಎಂದಳು.

ಅವಳು ಹೇಳಿದ್ದು ಸರಿ. ತಾಯಿ ಇಲ್ಲದಾಗ ಮರಿ ಉಸಿರು ಬಿಡುವುದಿಲ್ಲ. ಮನುಷ್ಯರ ಹೆಜ್ಜೆ ಕೇಳಿದರೆ ಇನ್ನೂ ಒಳಗೆ ಸೇರುತ್ತದೆ. ಜಾಗ ತೋರಿಸಬೇಕಾದರೆ ತಾಯಿಯೇ ತೋರಿಸಬೇಕು. ಉಳಿದ ಮೀನನ್ನು ಆ ಮನೆಯವರ ಫ್ರಿಜ್ಜಿಗೆ ಹಾಕಿಸಿ ಬ್ರಹ್ಮಾವರದ ಬಸ್ಸು ಹತ್ತಿದೆ.

ವಿಮಲ ಅಷ್ಟರಲ್ಲಿ ಅತ್ತು ಮುಖ ಕೆಂಪು ಮಾಡಿಕೊಂಡಿದ್ದಳು. "ನಾ ಬಾಗ್ಲ್ ತೆಗೀದೆ ಕೂತಿದ್ದೆ ಕಾಣಿ, ನೀವ್ ಹೇಳಿದ್ರಿ ಅಂತ."

"ನೀ ಅತ್ತ್ರೆ ಮರಿಗ್ ಹಾಲ್ ಸಿಕ್ಕತ್ತಾ? ಬುಟ್ಟಿ ಹಿಡಿ."

ಬೆಕ್ಕನ್ನು ಬುಟ್ಟಿಗೆ ಹಾಕಿ, ಮೇಲೆ ಹಳೆಯ ಬಲೆ ಬಿಗಿದು, ಎರಡು ಸುತ್ತು ಹಗ್ಗ ಕಟ್ಟಿದೆ. ಕುಂದಾಪುರದ ಬಸ್ಸಿನಲ್ಲಿ ಅದು ಕೂಗಲು ಶುರುಮಾಡಿತು.

"ಹ್ವಾಯ್ ಅಜ್ಜಿ, ನಿಮ್ ಮೀನ್ ಕೂಗ್ತಿತ್ತಲೆ! ಭಾರೀ ಫ್ರೆಶ್ಶಾ?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು.

"ನಿನ್ನ ಬಸ್ ಓಡ್ಸುಕ್ ಹೇಳ್ ಮೊದ್ಲ್," ಎಂದೆ. ಬೇರೆ ದಿನವಾದರೆ ಅವನಿಗೆ ಇನ್ನೂ ನಾಲ್ಕು ಕೊಡುತ್ತಿದ್ದೆ. ಅವತ್ತು ನನ್ನ ಕಣ್ಣೆಲ್ಲ ಬುಟ್ಟಿಯ ಹಗ್ಗದ ಮೇಲೆ. ಹಗ್ಗ ಸಡಿಲವಾಗಿ ನಡುದಾರಿಯಲ್ಲಿ ಬೆಕ್ಕು ಹಾರಿದರೆ ಕಥೆ ಅಲ್ಲಿಗೇ ಮುಗಿಯಿತು.

ಕುಂದಾಪುರದಲ್ಲಿ ಇಳಿದರೆ ಗಂಗೊಳ್ಳಿ ಹೊಳೆಯಾಚೆ, ಹತ್ತಿರವೇ. ಬಸ್ಸಿಗೆ ಮಾತ್ರ ಹೆಮ್ಮಾಡಿ, ತ್ರಾಸಿ ಎಂದು ದೊಡ್ಡ ಸುತ್ತು. ಬಸ್ಸು ಬರಲಿಲ್ಲ, ಬರಲಿಲ್ಲ. ಕೂತರೆ ಏಳುವುದು, ಎದ್ದರೆ ಕೂರುವುದು. ಅಂತೂ ಧಕ್ಕೆ ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಹೊಳೆಯಲ್ಲಿ ನೀರು ಏರಿ ನಿಂತಿತ್ತು, ಅದು ಇಳಿಯುವ ಮೊದಲು ಬೋಟುಗಳು ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ, ದಾಟಬೇಕು. ನಾಲ್ಕೈದು ಬೋಟು ಆಗಲೇ ಹೋಗಿದ್ದವು. ಮರಿಗಳು ಅವುಗಳಲ್ಲೇ ಇದ್ದರೆ? ಆ ಯೋಚನೆಯನ್ನು ಅಲ್ಲೇ ಬಿಟ್ಟೆ.

ಮುಂದೆ ಹೊರಡುವ ಸರದಿ ರಾಘವನ ಬೋಟಿನದ್ದು. ರಾಘವ ಅದರ ತಾಂಡೇಲ, ಅಂದರೆ ಬೋಟು ನಡೆಸುವವನು. ಸ್ವಲ್ಪ ನಿಲ್ಲಿಸಲು ಕೇಳಿದೆ.

"ಬೆಕ್ಕಿಗಾಯಿ ಬೋಟ್ ನಿಲ್ಸುದಾ? ಎರಡ್ ತಿಂಗ್ಳ್ ಮನೇಲ್ ಕೂತದ್ ಸಾಕಾಯ್ಲ್ಯಾ? ನೀರ್ ಇಳದ್ರೆ ಅಳಿವೆ ದಾಟುಕಾತಿಲ್ಲ ಸೀತಕ್ಕ."

"ನಡು ಸಮುದ್ರದಲ್ ಬಲೆ ಎಳೀವತಿಗೆ ಮರಿ ಹೊರಗ್ ಬಂದ್ರೆ ಎಂತ ಮಾಡ್ತೆ?"

"ನನ್ ಬೋಟಲ್ಲೇ ಇತ್ತಂದ್ ಯಾರ್ ಹೇಳ್ರ್ ನಿಮ್ಗೆ?"

"ಯಾರೂ ಹೇಳ್ಲಿಲ್ಲ. ಅದಕ್ಕೇ ಕೇಂತಿದ್ದೆ."

ಅವನು ಹೊಳೆ ನೋಡಿದ, ಬುಟ್ಟಿ ನೋಡಿದ. "ಅರ್ಧ ಗಂಟೆ. ಮತ್ತೆ ನಾ ಕೇಂಬುದಿಲ್ಲ," ಎಂದ.

ಬಲೆ ಬಿಚ್ಚಿದೆ. ಒಂದು ಬೂತಾಯಿ ಮುಂದೆ ಹಿಡಿದೆ. ಬೆಕ್ಕು ಮೀನನ್ನು ನೋಡಲೂ ಇಲ್ಲ. ಬುಟ್ಟಿಯಿಂದ ಹಾರಿದ್ದೇ, ಮೀನು ತುಂಬುವ ಪ್ಲಾಸ್ಟಿಕ್ ಕ್ರೇಟುಗಳ ರಾಶಿಯ ಹಿಂದೆ ಮಾಯವಾಯಿತು. ಅಷ್ಟೆ. ಇದ್ದ ಒಂದು ದಾರಿಯೂ ಕೈಬಿಟ್ಟಂತಾಯಿತು. ಕ್ರೇಟು ಎಳೆಯಲು ಜನ ಬಂದರು, ಬೇಡ ಎಂದೆ. ಹೆದರಿದರೆ ಸಂಜೆತನಕ ಹೊರಗೆ ಬರುವುದಿಲ್ಲ.

ಹತ್ತು ನಿಮಿಷ ಹೋಯಿತು. ಹದಿನೈದಾಯಿತು. ರಾಘವ ಎಂಜಿನ್ ಚಾಲೂ ಮಾಡಿಸಿದ.

ಆಗ ನನಗೆ ಹೊಳೆಯಿತು. ಈ ಬೆಕ್ಕು ಕೊಟ್ಟದ್ದನ್ನು ಯಾವತ್ತು ತಿಂದಿದೆ? "ಜಲಜ, ನಿನ್ನ ಬುಟ್ಟಿ ಮುಚ್ಚಳ ತೆಗಿ. ಆಚೆ ತಿರ್ಗಿ ಕೂತ್ಕೋ. ಯಾವತ್ತೂ ಕೂಕಂಬ ಹಾಂಗೆ."

"ಕದಿಲಿ ಅಂದಾ?"

"ಕದಿಲಿ ಅಂತ್ಲೇ."

ನಾವಿಬ್ಬರೂ ಬುಟ್ಟಿಗೆ ಬೆನ್ನು ಹಾಕಿ ಕೂತೆವು. ಜಲಜ ಮೀನಿನ ದರದ ಮಾತು ಶುರುಮಾಡಿದಳು. ಹಿಂದೆ ಸಣ್ಣ ಸದ್ದಾಯಿತು. ಜಲಜನ ಬಾಯಿಯಿಂದ ಅಭ್ಯಾಸದಂತೆ "ಹಚಾ" ಹೊರಡುವುದರಲ್ಲಿತ್ತು, ಅವಳ ತೊಡೆ ಚಿವುಟಿದೆ. ತಿರುಗಿದಾಗ ಬಂಗುಡೆ ಕಚ್ಚಿಕೊಂಡ ಬೆಕ್ಕು ಬೋಟಿಗೆ ಹಾಕಿದ್ದ ಹಲಗೆ ಹತ್ತುತ್ತಿತ್ತು. ಮೊದಲ ಬೋಟು ದಾಟಿತು. ಎರಡನೆಯದು ದಾಟಿತು. ಮೂರನೆಯದು ರಾಘವನದ್ದು. ಎಂಜಿನ್ ಸದ್ದಿಗೆ ಅಂಚಿನಲ್ಲಿ ನಿಂತುಬಿಟ್ಟಿತು, ಕಿವಿ ಹಿಂದಕ್ಕೆ ಮಡಚಿತು.

"ಬಂದ್ ಮಾಡಾ!" ಎಂದು ಕೂಗಿದವನು ರಾಘವನೇ.

ಸದ್ದು ನಿಂತಿತು. ಬೆಕ್ಕು ಹಾರಿತು, ಬೋಟಿನ ಮೂತಿಯಲ್ಲಿ ಹಳೆಯ ಬಲೆ, ಹಗ್ಗ ತುರುಕಿದ್ದ ಗೂಡಿಗೆ ನುಗ್ಗಿತು. ಒಳಗಿನಿಂದ ಮರಿಗಳ ಕೂಗು ಕೇಳಿತು.

ನಾಲ್ಕಿದ್ದವು. ಮೂರು ಜೀವಂತ. ನಾಲ್ಕನೆಯದು ಬಲೆಯ ಮಡಿಕೆಯಲ್ಲಿ ತಣ್ಣಗಾಗಿತ್ತು. ತಾಯಿ ಅದರ ಮುಂದೆಯೂ ಮೀನು ಇಟ್ಟು ಮೂಸಿ ನೋಡಿತು. ರಾಘವ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಕೊಟ್ಟ, ಮರಿಗಳನ್ನು ಅದರಲ್ಲಿ ಸುತ್ತಿ ಕ್ರೇಟಿಗೆ ಹಾಕಿದೆ. ತಾಯಿ ಈ ಸಲ ತಾನಾಗಿಯೇ ಒಳಗೆ ಹಾರಿತು. ಬೋಟು ಹೊರಟಿತು.

"ಅದ್ ಮೊದ್ಲೇ ಬಡಕಲ್ ಇದ್ದಿಪ್ಪುದ್ ಸೀತಕ್ಕ," ಎಂದಳು ಜಲಜ, ನನ್ನ ಮುಖ ನೋಡಿ. ಇದ್ದಿರಬಹುದು. ನಿನ್ನೆ ತಾಯಿ ಪಕ್ಕದಲ್ಲಿದ್ದರೆ ಬದುಕುತ್ತಿತ್ತೇನೋ. ಅದನ್ನು ಧಕ್ಕೆಯ ಹಿಂದೆ ನಾನೇ ಹೂತೆ.

ತಾಯಿಯೂ ಮೂರು ಮರಿಗಳೂ ಮತ್ತೆ ವಿಮಲನ ಮನೆಗೆ ಹೋದವು. ಮರಿಗಳು ದೊಡ್ಡವಾದ ಮೇಲೆ ಒಂದನ್ನು ಬೈಂದೂರಿಗೆ, ಒಂದನ್ನು ತೆಕ್ಕಟ್ಟೆಗೆ ಕೊಟ್ಟೆ. ಮೂರನೆಯದನ್ನು ರಾಘವನ ಹೆಂಡತಿ ಬಂದು ಒಯ್ದಳು. ತಾಯಿ ವಿಮಲನ ಮನೆಯಲ್ಲೇ ಉಳಿಯಿತು. ಈಗ ಮೀನನ್ನು ಹಾಕಿದಲ್ಲೇ ಕೂತು ತಿನ್ನುತ್ತದಂತೆ.

ಮೊಣಕಾಲು ನೋವಿಗೆ ನಾನು ಮೀನಿನ ಬುಟ್ಟಿ ಇಳಿಸಿದೆ. ಬೆಕ್ಕಿನ ಬುಟ್ಟಿ ಇನ್ನೂ ಇದೆ. ಕಳ್ಳ ಬೆಕ್ಕೊಂದಿದೆ, ಹಿಡಿದುಕೊಂಡು ಹೋಗಿ ಎಂದು ಈಗಲೂ ಯಾರಾದರೂ ಫೋನು ಮಾಡುತ್ತಾರೆ. ಹೋಗಿ ಮೊದಲು ಒಂದು ಮೀನು ಹಾಕಿ ದೂರ ಕೂರುತ್ತೇನೆ. ಅಲ್ಲೇ ತಿಂದರೆ ಬುಟ್ಟಿ ತೆರೆಯುತ್ತೇನೆ. ಕಚ್ಚಿಕೊಂಡು ಹೊರಟರೆ, ಬುಟ್ಟಿ ಅಲ್ಲೇ ಬಿಟ್ಟು ಅದರ ಹಿಂದೆ ಹೋಗುತ್ತೇನೆ.