ನಳಿಗೆಗೆ ಒಗ್ಗಿದ ಲಾಟು

ತಿಹೊಮಿರ್ ತನ್ನ ಗೆಳೆಯ ಲಾಜಾರನ ಹಳೆಯ ಕಾಡತೂಸುಗಳನ್ನು ಹೊಟ್ಟೆಕಿಚ್ಚಿನಿಂದ ತಿಸಾ ನದಿಗೆ ಸುರಿದನೆಂದು ನಮ್ಮ ಊರಿನಲ್ಲಿ ಸುದ್ದಿಯಿದೆ. ಹೊಟ್ಟೆಕಿಚ್ಚಿನ ಮಾತು ನಿಜ. ನದಿಯ ಮಾತು ಸುಳ್ಳು.

ತಿಹೊಮಿರ್ ತಿಸಾ ನದಿ ಸೇರುವ ಕಾಲುವೆಯ ತೂಬು ಕಾಯುವವನು. ನೀರನ್ನು ಏರಿಸಿ, ಇಳಿಸಿ, ದೋಣಿಗಳನ್ನು ದಾಟಿಸುವ ತಾಳ್ಮೆಯ ಕೆಲಸ ಅವನದು. ಲಾಜಾರನ ಮಾತು ಬಂದಾಗ ಮಾತ್ರ ಅವನ ಒಳಗಿನ ತೂಬು ಮುಚ್ಚಿಕೊಳ್ಳುತ್ತಿರಲಿಲ್ಲ. ಲಾಜಾರ ಅವನ ಕೂಮ್. ಮದುವೆಯ ದಿನ ಪಕ್ಕದಲ್ಲಿ ನಿಂತು ಸಾಕ್ಷಿಯಾದವನು, ಮಗಳಿಗೆ ಹೆಸರಿಟ್ಟವನು. ನಮ್ಮಲ್ಲಿ ಒಡಹುಟ್ಟಿದವನೊಡನೆ ಮಾತು ಬಿಡಬಹುದು, ಕೂಮನೊಡನೆ ಬಿಡುವಂತಿಲ್ಲ. ಹಾಗಾಗಿ ತಿಹೊಮಿರ್ ಅಸೂಯೆಯನ್ನು ಊಟದ ಜೊತೆಗೇ ನುಂಗಬೇಕಿತ್ತು. ಲಾಜಾರನ ಹಿತ್ತಲಿನ ಮೆಣಸಿನಕಾಯಿ ಇವನದಕ್ಕಿಂತ ಕೆಂಪು. ಲಾಜಾರ ಹೇಳಿದ ಹಳಸಲು ಜೋಕಿಗೂ ಇವನ ಹೆಂಡತಿ ನಗುತ್ತಾಳೆ. ಗುಂಡು ಹೊಡೆಯುವ ಅಭ್ಯಾಸಕ್ಕೆ ಚಕ್ಕರ್ ಹಾಕಿ ಮೀನು ಹಿಡಿಯಲು ಹೋಗುವ ಅವನೇ ಸ್ಪರ್ಧೆಯಲ್ಲಿ ಮುಂದೆ.

ಇಷ್ಟನ್ನೂ ಸಹಿಸಲು ತಿಹೊಮಿರನಿಗೆ ಒಂದೇ ಆಸರೆಯಿತ್ತು. ಯೌವನದಲ್ಲಿ ಇಬ್ಬರೂ ಗುರಿಕಾರರಾಗಿ ಹೋದ ದೊಡ್ಡ ಸ್ಪರ್ಧೆಯಲ್ಲಿ ಲಾಜಾರ ಎರಡೇ ಅಂಕದಿಂದ ಅವನನ್ನು ಹಿಂದಿಕ್ಕಿದ್ದ. ತರಬೇತುದಾರ ಆ ದಿನ ಸ್ಪರ್ಧೆಗೆಂದೇ ತಯಾರಾದ ಕಾಡತೂಸಿನ ಒಂದು ಲಾಟನ್ನು, ಅಂದರೆ ಒಟ್ಟಿಗೆ ತಯಾರಾಗಿ ಒಂದೇ ಸಂಖ್ಯೆ ಹೊತ್ತ ಪೊಟ್ಟಣಗಳನ್ನು, ಪೂರ್ತಿಯಾಗಿ ಲಾಜಾರನಿಗೆ ಕೊಟ್ಟು, ತಿಹೊಮಿರನಿಗೆ ಬೇರೆಯದನ್ನು ಕೊಟ್ಟಿದ್ದ. ಗೆದ್ದದ್ದು ಲಾಜಾರನಲ್ಲ, ಆ ಲಾಟು ಎಂದು ತಿಹೊಮಿರ್ ಅಂದಿನಿಂದ ನಂಬಿಕೊಂಡು ಬಂದಿದ್ದ. ಲಾಟಿನ ಸಂಖ್ಯೆ ಅವನಿಗೆ ಮಗಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿತ್ತು.

ಕಳೆದ ಶರತ್ಕಾಲದಲ್ಲಿ ಸುಣ್ಣ ಬಳಿಯಲೆಂದು ಗುಂಡು ಹೊಡೆಯುವ ಮೈದಾನದ ಬೀರು ಸರಿಸಿದಾಗ ಹಿಂದಿನಿಂದ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಅಂದು ಉಳಿದಿದ್ದ, ಅದೇ ಸಂಖ್ಯೆಯ ಪೊಟ್ಟಣಗಳು.

"ಭಾನುವಾರ ಪರೀಕ್ಷೆ ಮಾಡ್ತೀನಿ," ಎಂದ ತಿಹೊಮಿರ್. "ರೈಫಲನ್ನ ಕಬ್ಬಿಣದ ಹಿಡಿಗೆ ಬಿಗಿದೇ ಹೊಡೆಯೋದು. ಮನುಷ್ಯನ ಕೈ ಸೋಕಬಾರದು. ಆಗ ಗೊತ್ತಾಗುತ್ತೆ, ಅವತ್ತು ಗೆದ್ದವರು ಯಾರು ಅಂತ."

ಮೈದಾನದ ಬೀಗದ ಕೈ ಇಟ್ಟುಕೊಂಡಿರುವ ಮುದುಕಿ ಮಿಲೋಯ್ಕಾ ಕಾಫಿ ಕದಡುತ್ತಲೇ ಅಂದಳು: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನೀನು ನೆಲ ಅಳೆಯೋಕೇ ಹೊರಟಿದ್ದೀಯಲ್ಲೋ!"

"ಅಳೆದ ಮೇಲೆ ಮಾತಾಡು, ಚಿಕ್ಕಮ್ಮ."

ಭಾನುವಾರ ಅವನು ತನ್ನ ಅಂದಿನ ರೈಫಲಿನ ನಳಿಗೆಯನ್ನು ಒರೆಸಿ, ಅದನ್ನು ಮೇಜಿನ ಹಿಡಿಗೆ ಬಿಗಿದ. ಮೊದಲ ಕೆಲವು ಗುಂಡುಗಳು ಅಲ್ಲೊಂದು ಇಲ್ಲೊಂದು ಬಿದ್ದವು. ಅವನು ವಿಚಲಿತನಾಗಲಿಲ್ಲ. ಲಾಟು ಬದಲಾಯಿಸಿದಾಗ ಗುಂಡಿಗೆ ಸವರಿದ ಮೇಣ ನಳಿಗೆಯ ಒಳಮೈಗೆ ಹತ್ತುವವರೆಗೆ ಹಾಗಾಗುವುದೇ. ಒಂದು ಕಾಡತೂಸು ಸಿಡಿಯಲೇ ಇಲ್ಲ, ಅದು ವಯಸ್ಸಿನ ದೋಷ. ಆಮೇಲಿನವು ಮಾತ್ರ ಹಿಂದಿನದರ ತೂತಿನಲ್ಲೇ ಹಾದುಹೋದವು. ಕಾಗದದ ನಡುವೆ ಅಂಗಿಯ ಗುಂಡಿಯಷ್ಟು ಅಗಲದ ಒಂದೇ ರಂಧ್ರ.

"ನೋಡು ಚಿಕ್ಕಮ್ಮ, ಕಣ್ಣು ಬಿಟ್ಟು ನೋಡು!" ತಿಹೊಮಿರ್ ಕಾಗದವನ್ನು ಕಿತ್ತು ಅವಳ ಮೂಗಿನ ಮುಂದೆ ಹಿಡಿದ. "ಕುರುಡನ ಕೈಗೆ ಕೊಟ್ಟಿದ್ರೂ ಗೆಲ್ತಿದ್ದ!"

ಹಂದಿಯ ಕೊಬ್ಬಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಂಡು, ರೈಫಲನ್ನು ಹೆಗಲಿಗೇರಿಸಿ ಲಾಜಾರ ಬಂದದ್ದು ಆಗ. ಡಬ್ಬಿಯನ್ನು ಕಂಡವನೇ ಗಹಗಹಿಸಿದ.

"ಅಯ್ಯೋ, ಈ ದರಿದ್ರ ಲಾಟು ಇನ್ನೂ ಬದುಕಿದೆಯಾ?"

"ದರಿದ್ರವಾ? ಈ ರಂಧ್ರ ನೋಡು, ಕೂಮ್."

"ನಿನ್ನ ನಳಿಗೆಗೆ ಒಗ್ಗಿದೆ, ಅದಕ್ಕೇ. ಒಂದು ನಳಿಗೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಲ್ಲ. ನನ್ನದರಲ್ಲಿ ಹೊಡೆದು ನೋಡು."

ಲಾಜಾರನದು ಆ ಸ್ಪರ್ಧೆಯಲ್ಲಿ ಗೆದ್ದ ಅದೇ ರೈಫಲ್. ತಿಹೊಮಿರ್ ಅದನ್ನು ಹಿಡಿಗೆ ಬಿಗಿದ. ಮೇಣ ಹತ್ತಲು ಬೇಕಾದಷ್ಟು ಗುಂಡು ಹಾರಿಸಿ, ಹೊಸ ಕಾಗದ ಏರಿಸಿ ಪರೀಕ್ಷಿಸಿದ. ಕೋಳಿ ಕೆದಕಿದ ಅಂಗಳದಂತೆ ತೂತುಗಳು ಹರಡಿಕೊಂಡವು. ನಳಿಗೆ ಸವೆದಿರಬೇಕೆಂದು ಲಾಜಾರನ ದಿನನಿತ್ಯದ ಕಾಡತೂಸುಗಳನ್ನು ಹಾಕಿದ. ಅವು ಒಂದೇ ರಂಧ್ರದಲ್ಲಿ ಕೂತವು. ನಳಿಗೆಯಲ್ಲಿ ದೋಷವಿರಲಿಲ್ಲ.

"ಅವತ್ತೂ ಹೀಗೇ ಹರಡ್ತಿತ್ತು," ಎಂದ ಲಾಜಾರ, ಬಾಯಿ ತುಂಬ ಕೊಬ್ಬು ಜಗಿಯುತ್ತ. "ಇದು ತಿಹೊಮಿರ್‌ನ ನಳಿಗೆಗೆ ಒಗ್ಗುತ್ತೆ, ಅವನಿಗೇ ಕೊಡಿ ಅಂತ ತರಬೇತುದಾರರ ಹತ್ರ ಗೋಗರೆದೆ. ದುಬಾರಿ ಮಾಲು, ನಿನಗೇ ಇರಲಿ ಅಂತ ನನ್ನ ಜೇಬಿಗೇ ತುರುಕಿದ್ರು."

"ಮತ್ತೆ ಗೆದ್ದದ್ದು ಹೇಗೆ?"

"ಏನೋಪ್ಪ. ಗಾಳಿ ನೋಡ್ಕೊಂಡು ಹೊಡೆದೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನಿನ್ನನ್ನ ಕೆಟ್ಟ ಗುಂಡಿನಲ್ಲೇ ಸೋಲಿಸಿದೆ ಅಂತ ಕೂಮ್‌ಗೆ ಹೇಳೋದಾ? ಥೂ!" ಲಾಜಾರ ಡಬ್ಬಿಯನ್ನು ಅವನ ಕಡೆಗೆ ತಳ್ಳಿದ. "ತಗೋ, ನಿನಗೆ ನನ್ನ ಉಡುಗೊರೆ."

ಕೂಮ್ ಕೊಟ್ಟದ್ದನ್ನು ಬೇಡವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ತಿಹೊಮಿರ್ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಧನ್ಯವಾದವನ್ನೂ ಹೇಳಿದ. ಆ ಸಂಜೆ ಅವನು ತೂಬಿನ ಕಟ್ಟೆಯ ಮೇಲೆ ಡಬ್ಬಿ ಹಿಡಿದು ನಿಂತದ್ದನ್ನು ದೋಣಿಯವರು ಕಂಡರು. ಊರಿನ ಸುದ್ದಿ ಹುಟ್ಟಿದ್ದು ಅಲ್ಲಿ. ಅವನು ಡಬ್ಬಿಯೊಂದಿಗೇ ಮನೆಗೆ ಮರಳಿದ್ದನ್ನು ಯಾರೂ ಕಾಣಲಿಲ್ಲ.

ಡಬ್ಬಿ ಈಗ ತಿಹೊಮಿರನ ರೈಫಲಿನ ಬೀರುವಿನಲ್ಲಿದೆ. ಅದರಿಂದ ಅವನು ಮತ್ತೆ ಒಂದು ಗುಂಡನ್ನೂ ಹಾರಿಸಿಲ್ಲ. ಲಾಜಾರನ ಮನೆಯ ಹಬ್ಬಕ್ಕೆ ಹೋಗುತ್ತಾನೆ, ಊಟ ಮಾಡಿ ಬರುತ್ತಾನೆ. ಹೊಟ್ಟೆಕಿಚ್ಚು ಹಾಗೆಯೇ ಇದೆ. ಲಾಟಿನ ಮಾತನ್ನು ಮಾತ್ರ ಅವನು ಎತ್ತುವುದಿಲ್ಲ.