ಬಿಸಿಯಿರುವಾಗಲೇ ಒತ್ತಬೇಕು

ಮೊನ್ನೆ ವೇಲಚೇರಿಯಿಂದ ಬಂದ ಮೊಮ್ಮಗಳು ನನ್ನ ಅಡುಗೆಕಟ್ಟೆಯ ಮೇಲೆ ಒಂದು ಪ್ಯಾಕೆಟ್ ಇಟ್ಟಳು. ಒಳಗೆ ಒಣಗಿದ ಬಿಳಿ ಎಳೆಗಳು, ನನ್ನ ಬಾಚಣಿಗೆಗೆ ಸಿಕ್ಕ ಕೂದಲಿನ ಹಾಗೆ.

"ರೈಸ್ ನೂಡಲ್ಸ್, ಪಾಟಿ. ವಿಯೆಟ್ನಾಂದು. ಬಿಸಿನೀರಲ್ಲಿ ಪೋಟ್ಟಾ ಮೂರೇ ನಿಮಿಷ!" ಅವಳ ಕನ್ನಡ ಅರ್ಧ ತಮಿಳು: ಪಾಟಿ ಅಂದರೆ ಅಜ್ಜಿ, ಪೋಟ್ಟಾ ಅಂದರೆ ಹಾಕಿದರೆ.

ನೋಡಿದಿರಾ? ಅಕ್ಕಿ ಶ್ಯಾವಿಗೆಯನ್ನು ನನಗೆ ಇಂಟ್ರೊಡ್ಯೂಸ್ ಮಾಡಲು ವಿಯೆಟ್ನಾಂ ಬರಬೇಕಾಯಿತು. ಮೊದಲು ಮಾಡಿದವರು ಚೀನಾದವರಂತೆ. ಫೋನು ನೋಡಿ ಓದಿದಳು. ಇರಲಿ. ಅವರು ಅದನ್ನು ಸಾರಿನಲ್ಲಿ ಮುಳುಗಿಸುತ್ತಾರೆ. ಮಾಲ್‌ನಲ್ಲಿ ಅರಿಶಿನ ಹಾಕಿ ಹುರಿದು ಸಿಂಗಪುರದ್ದೆನ್ನುತ್ತಾರೆ. ಈ ಮದ್ರಾಸಿನವರು ಇಡಿಯಾಪ್ಪ ಎಂದು ಸೈಕಲ್ ಮೇಲೆ ಮಾರುತ್ತಾರೆ, ತಣ್ಣಗೆ! ಯಾವ ದೇಶ ಮೊದಲೋ ನನಗೆ ಗೊತ್ತಿಲ್ಲ. ಮೊದಲು ಒತ್ತಿದವಳ ಜೊತೆ ಇನ್ನೊಬ್ಬಳಿದ್ದಳು, ಅದಂತೂ ಶ್ಯೂರ್. ನಮ್ಮ ಶ್ಯಾವಿಗೆಯ ಮರದ ಒರಳು ಒಂಟಿ ಹೆಂಗಸಿಗೆ ಬಗ್ಗುವುದಿಲ್ಲ. ಒಬ್ಬರು ಹಿಡಿಕೆ ಅದುಮಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ತಿರುಗಿಸಬೇಕು.

ನನ್ನ ಪಾಲಿನ ಇನ್ನೊಬ್ಬರು ನನ್ನ ಅತ್ತೆ. ಉಡುಪಿ ಕಡೆಯವರು, ಟಿ. ನಗರದ ನಮ್ಮ ಹೋಟೆಲಿನ ಅಡುಗೆಭಟ್ಟರೇ ಅವರಿಗೆ ಹೆದರುತ್ತಿದ್ದರು. ನನಗೋ ಕಾನ್ವೆಂಟಿನ ಸಿಸ್ಟರ್‌ಗಳು ಪಿಯಾನೊ, ಕ್ರೋಶಾ, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದ್ದರು. ಮದುವೆಯಾದ ಹೊಸತರಲ್ಲಿ ಕೈ ಸುಟ್ಟೀತೆಂದು ಬೆಂದ ಹಿಟ್ಟಿನ ಉಂಡೆಗಳನ್ನು ಫ್ಯಾನಿನ ಕೆಳಗೆ ಹರವಿಟ್ಟೆ. ಆಮೇಲೆ ಎಷ್ಟು ಅದುಮಿದರೂ ಹಿಡಿಕೆ ಕದಲಲಿಲ್ಲ.

"ಎಂಥ ಹೆಣ್ಣು ಮಾರಾಯ್ತಿ! ಆರಿದ ಹಿಟ್ಟು ಇಳಿಯುದುಂಟಾ?" ಎಂದರು ಅತ್ತೆ. "ಇಂಗ್ಲಿಷಿನಲ್ಲಿ ಹೇಳಿ ನೋಡು, ಇಳಿದರೂ ಇಳಿದೀತು."

ನಲವತ್ತು ವರ್ಷ ಹೀಗೇ. ಮಾತು ಬಿಟ್ಟ ದಿನಗಳಲ್ಲೂ ಇಬ್ಬರೂ ಸೇರಿ ಒತ್ತಿದ್ದೇವೆ. ಜಗಳ ಕಾಯುತ್ತದೆ, ಹಿಟ್ಟು ಕಾಯುವುದಿಲ್ಲ. ಅವರು ಹೋದ ಮೇಲೆ ಒರಳನ್ನು ಅವರದೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಕೇಳಿದವರಿಗೆಲ್ಲ ಮದ್ರಾಸಿನ ಅಕ್ಕಿ ಸರಿಯಿಲ್ಲ ಎಂದೆ. ಅಕ್ಕಿ ಪಾಪ, ಏನು ಮಾಡಿತ್ತು?

"ಸುಮ್ನೆ ಬೈಯಾದೀಂಗ ಪಾಟಿ, ಟೀಚ್ ಮಿ," ಎಂದು ಮೊಮ್ಮಗಳು ಒರಳು ಇಳಿಸಲು ಸ್ಟೂಲು ಹತ್ತಿದಳು.

ಮರುದಿನ ಉಂಡೆ ಬೆಂದಿತು. ಈ ಮಹಾರಾಣಿ ಹಬೆಯ ಫೋಟೋ ತೆಗೆದಳು, ಒರಳಿನ ಫೋಟೋ ತೆಗೆದಳು, ನನ್ನದೂ ತೆಗೆದಳು. ಆಮೇಲೆ ಮೈಭಾರವೆಲ್ಲ ಹಾಕಿ ಅದುಮಿದಳು. ಹಿಡಿಕೆ ಕದಲಲಿಲ್ಲ.

"ಇಂಗ್ಲಿಷಿನಲ್ಲಿ ಹೇಳಿ ನೋಡು!"

ದನಿ ಅತ್ತೆಯದು, ಬಾಯಿ ನನ್ನದು. ಹುಡುಗಿ ಒರಳಿನ ಕಡೆ ಬಗ್ಗಿ ಗಂಭೀರವಾಗಿ "ಪ್ಲೀಸ್" ಎಂದಳು.

ನಗು ತಡೆದು, ಆರಿದ್ದನ್ನು ತೆಗೆದು ಇನ್ನೊಂದು ಬಿಸಿ ಉಂಡೆ ಹಾಕಿದೆ. ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕೂತು ತಟ್ಟೆ ತಿರುಗಿಸಿದೆ. ಎಳೆಗಳು ಇಳಿದವು, ದಪ್ಪ ದಪ್ಪ, ತುಂಡು ತುಂಡು.

"ಥೂ, ಇದಕ್ಕಿಂತ ನಿನ್ನ ವಿಯೆಟ್ನಾಮೇ ವಾಸಿ," ಎಂದು ಕಾಯಿಹಾಲು ಸುರಿದು ಎರಡನೇ ಸಲ ಬಡಿಸಿಕೊಂಡೆ.