ಕೆಂಪು ರಿಬ್ಬನ್ ಕಟ್ಟಿದ ಹಿಕ್ಕೆಗಳು

ಮೂರು ತಿಂಗಳು ನಾನು ಹಿಕ್ಕೆ ಕಾದಿದ್ದೇನೆ. ಹೀಗಂದರೆ ಎಲ್ಲರೂ ನಗುತ್ತಾರೆ, ನಗಲಿ. ಕಳಸದಾಚೆ ಮಳೆಕಾಡಿನ ಅಂಚಿನಲ್ಲಿರುವ ವನ್ಯಜೀವಿ ಸಂಶೋಧನಾ ಕೇಂದ್ರಕ್ಕೆ ಇಂಟರ್ನ್ ಆಗಿ ಹೊರಟಾಗ ಸಿಂಗಳೀಕ ನೋಡ್ತೀನಿ, ಕಾಳಿಂಗ ಸರ್ಪ ನೋಡ್ತೀನಿ ಅಂತ ಗೆಳತಿಯರ ಮುಂದೆ ಕೊಚ್ಚಿಕೊಂಡಿದ್ದೆ. ಅಲ್ಲಿನ ಮುಖ್ಯಸ್ಥರು ನನ್ನ ಪಾಲಿಗೆ ಕೊಟ್ಟಿದ್ದು ಪುನುಗಿನ ಬೆಕ್ಕಿನ ಹಿಕ್ಕೆ.

ಈ ಬೆಕ್ಕು ಹಣ್ಣು ತಿಂದು ಬೀಜವನ್ನು ಹಾಗೇ ಹೊರಹಾಕುತ್ತದೆ. ಅದರಲ್ಲಿ ಎಷ್ಟು ಮೊಳೆಯುತ್ತವೆ, ಎಷ್ಟನ್ನು ಇರುವೆ, ಇಲಿ ಹೊತ್ತೊಯ್ಯುತ್ತವೆ ಅಂತ ಎಂಟು ವಾರ ನೋಡಿ ಬರೆಯಬೇಕು. ಹಿಕ್ಕೆ ಬಿದ್ದಲ್ಲೇ ಇರಬೇಕು, ಯಾರೂ ಮುಟ್ಟುವಂತಿಲ್ಲ. ಎಂ.ಎಸ್ಸಿ. ಕೊನೆಯ ವರ್ಷದ ನನ್ನ ಪ್ರಾಜೆಕ್ಟ್ ಇದೇ. ಇದು ಕೈಕೊಟ್ಟರೆ ಆ ವರ್ಷ ಪಾಸಾಗುವ ಮಾತೇ ಇರಲಿಲ್ಲ.

ಕಾಡಿಗೂ ಪಕ್ಕದ ಎಸ್ಟೇಟಿಗೂ ನಡುವಿನ ಕಾಲುದಾರಿಯಲ್ಲಿ, ಬಂಡೆಗಳ ಮೇಲೆ, ಬಿದ್ದ ಮರಗಳ ಮೇಲೆ ಹಿಕ್ಕೆ ಹುಡುಕಿದೆ. ಒಂದೊಂದರ ಪಕ್ಕದ ಗಿಡಕ್ಕೂ ಕಣ್ಣಿಗೆ ಬೀಳುವಂತೆ ಕೆಂಪು ರಿಬ್ಬನ್ ಕಟ್ಟಿ ನಂಬರ್ ಬರೆದೆ. ಚಿಕ್ಕಮಗಳೂರಿನ ಮಾರ್ಕೆಟ್ಟಿನಿಂದ ತಂದ, ಜಡೆಗೆ ಕಟ್ಟುವ ರಿಬ್ಬನ್ನು.

ನಾಲ್ಕನೇ ದಿನ ಹೋದರೆ ರಿಬ್ಬನ್ ಇದೆ, ಹಿಕ್ಕೆ ಇಲ್ಲ. ಒಂದಲ್ಲ, ಒಂಬತ್ತು ಕಡೆ. ಗುಡಿಸಿಟ್ಟ ಹಾಗೆ ಖಾಲಿ. ನಾನು ತುಂಬಬೇಕಿದ್ದ ನಮೂನೆಯಲ್ಲಿ 'ನಷ್ಟಕ್ಕೆ ಕಾರಣ' ಅಂತ ಒಂದು ಕಾಲಂ ಇತ್ತು. ನಾನು 'ಕಾಡುಹಂದಿ' ಅಂತ ಬರೆದೆ.

ಕೇಂದ್ರದಲ್ಲಿ ಬಹಳ ವರ್ಷದಿಂದ ದಾರಿ ತೋರಿಸುವ ಕೆಲಸ ಮಾಡುತ್ತಿದ್ದ, ನಮ್ಮಪ್ಪನ ವಯಸ್ಸಿನವರೊಬ್ಬರು ಅದನ್ನು ಕೇಳಿ ನಕ್ಕರು. "ಹಂದಿ ಬಂದಿದ್ರೆ ನೆಲ ಎಲ್ಲ ಉತ್ತು ಹಾಕಿರ್ತಿತ್ತು ಮಾರಾಯ್ತಿ. ಇದು ಬೇರೆ ಏನೋ."

"ನಮ್ಮ ಪುಸ್ತಕದಲ್ಲಿ ಹಂದಿ ಅಂತಲೇ ಇದೆ" ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕ್ಯಾಮೆರಾ ಕೇಳಿದೆ. "ಹುಲಿಗೆ ಇಟ್ಟಿರೋ ಕ್ಯಾಮೆರಾ ತೆಗೆದು ಹಿಕ್ಕೆಗೆ ಇಡೋಕಾಗುತ್ತೇನಮ್ಮ?" ಅಂದರು ಮುಖ್ಯಸ್ಥರು. ಹೊಸ ಹಿಕ್ಕೆ ಹುಡುಕಿದೆ. ನಾನೇ ಜಾಗ ತಪ್ಪುತ್ತಿರಬಹುದು ಅಂತ ಈ ಸಲ ಎರಡೆರಡು ರಿಬ್ಬನ್ ಕಟ್ಟಿದೆ. ಅವು ಇನ್ನೂ ಬೇಗ ಮಾಯವಾದವು. ಕಾಲಂ ತುಂಬ ಕಾಡುಹಂದಿ, ಕಾಡುಹಂದಿ, ಕಾಡುಹಂದಿ. ಐದು ವಾರ ಹೀಗೇ ಕಳೆಯಿತು. ಊಟ ಸೇರುತ್ತಿರಲಿಲ್ಲ, ಎಲ್ಲರ ಮೇಲೂ ಸಿಡುಕುತ್ತಿದ್ದೆ.

ಆ ದಾರಿಯಲ್ಲಿ ದಿನಾ ಬೆಳಿಗ್ಗೆ ಎಸ್ಟೇಟಿನ ಹೆಂಗಸರು ಕಾಫಿ ಹಣ್ಣು ಕೊಯ್ಯಲು ಹೋಗುತ್ತಿದ್ದರು. ಅವರು ನಕ್ಕರೆ ನಾನೂ ನಗುತ್ತಿದ್ದೆ, ಅಷ್ಟೇ. ಒಂದು ದಿನ ನಾನು ಖಾಲಿ ಬಂಡೆಯ ಪಕ್ಕ ತಲೆ ಹಿಡಿದು ಕೂತಿದ್ದಾಗ ಅವರಲ್ಲೊಬ್ಬರು ನಿಂತರು.

"ಯಾಕೆ ಮೇಡಂ, ಒಬ್ರೇ ಕೂತ್ಕಂಡಿದೀರಿ?"

"ಬೆಕ್ಕಿನ ಹಿಕ್ಕೆಗೆ ಗುರುತು ಕಟ್ಟಿದ್ದೆ. ಎಲ್ಲ ಹೋಗಿದೆ."

ಆಕೆಯ ಮುಖ ಅರಳಿತು. "ಅಯ್ಯೋ, ಬಟ್ಟೆ ಕಟ್ಟೋರು ನೀವೇನಾ! ನಮ್ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರೇ ಯಾರ ಕೈಲೋ ಕಟ್ಸಿದಾರೆ ಅನ್ಕಂಡಿದ್ವಿ. ಮೊದ್ಲೆಲ್ಲ ಬಗ್ಗಿ ಬಗ್ಗಿ ಹುಡುಕಿ ಸೊಂಟ ಬಿದ್ದೋಗ್ತಿತ್ತು. ಈಗ ಕೆಂಪು ಕಂಡಲ್ಲಿಗೆ ಹೋದ್ರೆ ಸಾಕು."

ಬೆಕ್ಕು ಕಾಫಿ ಹಣ್ಣನ್ನೂ ತಿನ್ನುತ್ತದೆ; ಹಿಕ್ಕೆಯಲ್ಲಿ ಉಳಿದ ಆ ಬೀಜವನ್ನು ಇವರು ಹೆಕ್ಕಿ ರೈಟರಿಗೆ ಕೊಟ್ಟರೆ ಅದು ಎಸ್ಟೇಟಿನ ಹೋಂಸ್ಟೇಗೆ. ಅಲ್ಲಿ ಬರುವವರು ಬೆಕ್ಕಿನ ಕಾಫಿಯನ್ನೇ ಕೇಳಿ ಕುಡಿಯುತ್ತಾರಂತೆ. ನಾನು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಪಕ್ಕದ ಬೀದಿಯಲ್ಲಿ ಬೆಳೆದವಳು. ಆ ಕಾಫಿಯ ವಿಷಯ ಚಿಕ್ಕವಳಿದ್ದಾಗಲೇ ಕೇಳಿದ್ದೆ, ಮೂಗು ಮುರಿದಿದ್ದೆ. ಅದನ್ನು ಯಾರೋ ಬೆಳಗಿನ ಚಳಿಯಲ್ಲಿ ಹೆಕ್ಕಬೇಕು ಅಂತ ಮಾತ್ರ ಒಂದು ದಿನವೂ ಹೊಳೆದಿರಲಿಲ್ಲ. ಸಿಟ್ಟು ಬಂತು. ಆಕೆಯ ಮೇಲೆ ತೀರಿಸಿಕೊಳ್ಳೋಣವೆಂದರೆ ಆಕೆ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಕೆಲಸ ಏನು, ಹಾಳಾದದ್ದು ಏನು ಅಂತ ಹೇಳಿದೆ. ಆಕೆ ಪೆಚ್ಚಾಗಿ, "ಒಂದು ಮಾತು ಮೊದ್ಲೇ ಹೇಳದಲ್ವಾ ಮೇಡಂ, ದಿನಾ ಸಿಗ್ತಿದ್ವಲ್ಲ" ಅಂದರು.

ಮರುದಿನ ಬೆಳಿಗ್ಗೆ ಆಕೆ ಅದೇ ಬಂಡೆಯ ಹತ್ತಿರ ಕಾದಿದ್ದು ನನ್ನ ಕೈಗೊಂದು ಬಟ್ಟೆ ಚೀಲ ಇಟ್ಟರು. "ರೈಟರಿಗೆ ಕೊಡದೆ ಉಳಿದಿದ್ದು ಇಷ್ಟೇ. ನಿಮ್ಮ ಪರೀಕ್ಷೆಗೆ ಆಗ್ಲಿ. ಚೆನ್ನಾಗಿ ತೊಳೆದು ಒಣಗಿಸಿದೀನಿ, ಒಂಚೂರೂ ವಾಸ್ನೆ ಇಲ್ಲ."

ತೊಳೆದ ಬೀಜದಿಂದ ನನಗೇನೂ ಉಪಯೋಗವಿರಲಿಲ್ಲ. ಆದರೂ ತೆಗೆದುಕೊಂಡೆ. ಚೀಲವನ್ನು ಎದೆಗೊತ್ತಿಕೊಂಡು ಕೇಂದ್ರಕ್ಕೆ ಬಂದು ನಮೂನೆ ಬಿಡಿಸಿದೆ. ಕಾಡುಹಂದಿಗಳನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿ, 'ನಷ್ಟಕ್ಕೆ ಕಾರಣ' ಅನ್ನುವ ಕಡೆ 'ಯಾರನ್ನೂ ಮಾತಾಡಿಸಲಿಲ್ಲ' ಅಂತ ಬರೆದೆ.